ಮಕ್ಕಳ ಫ್ಯಾಂಟಸಿ ಪುಸ್ತಕದ ಮೇಲೆ ವಯಸ್ಸು ಬರೆಯಬೇಕೋ, ಒಳಗೇನಿದೆ ಎಂದು ಬರೆಯಬೇಕೋ?

ಗ್ರಂಥಾಲಯ ಮೇಲ್ವಿಚಾರಕಿ, ಕನಕಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡತೊಡಗಿದ ಮೇಲೆ ನಮ್ಮಲ್ಲಿಗೆ ಬರುವವರಲ್ಲಿ ಶಾಲೆಯ ಮಕ್ಕಳೇ ಹೆಚ್ಚು. ಬಂದವರು ಮೊದಲು ಕೈ ಹಾಕುವುದು ಫ್ಯಾಂಟಸಿ ಪುಸ್ತಕಗಳಿರುವ ಕಪಾಟಿಗೆ. ರೆಕ್ಕೆ ಬಿಚ್ಚಿದ ಹಾವು, ಉರಿಯುವ ಕೋಟೆ, ಮಂತ್ರದ ಕೋಲು ಹಿಡಿದ ಹುಡುಗಿ ಇಂಥ ಮುಖಪುಟ ನೋಡಿಯೇ ಅವರು ಪುಸ್ತಕ ಆರಿಸುತ್ತಾರೆ.

ಕಳೆದ ತಿಂಗಳು ಆರನೇ ತರಗತಿಯ ಹುಡುಗಿಯೊಬ್ಬಳು, ದಾನವಾಗಿ ಬಂದಿದ್ದ ದಪ್ಪನೆಯ ಒಂದು ಅನುವಾದಿತ ಕಾದಂಬರಿಯನ್ನು ಎರವಲು ಪಡೆದು ಹೋದಳು. ನಾಲ್ಕನೆಯ ದಿನ ಅವಳ ತಾಯಿ ಅದನ್ನು ಹಿಂದಕ್ಕೆ ತಂದರು. ಮೆಣಸಿನಕಾಯಿ ಹೊಲದಿಂದ ನೇರವಾಗಿ ಬಂದಿದ್ದರು. ಕೈ ಖಾರವಾಗಿದೆಯೆಂದು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಅವರಿಗೆ ಅಕ್ಷರ ಬಾರದು. ಆದರೆ ಮಗಳು ಮೂಲೆ ಮಡಿಸಿಟ್ಟಿದ್ದ ಪುಟವನ್ನು ತೆಗೆದು, ಅವಳು ಓದಿ ಹೇಳಿದ್ದನ್ನು ಮಾತಿಗೆ ಮಾತು ನನಗೆ ಒಪ್ಪಿಸಿದರು. ಸೆರೆಯಾಳೊಬ್ಬನ ಬೆರಳುಗಳನ್ನು ಒಂದೊಂದಾಗಿ ಕತ್ತರಿಸುವ ಪ್ರಸಂಗ ಅದು. ಎರಡೂವರೆ ಪುಟ ಬಿಡದೆ ನಡೆಯುತ್ತದೆ. “ಮೂರು ರಾತ್ರಿ ಆತ್ರೀ ಮೇಡಂ, ಹುಡುಗಿ ಎರಡೂ ಕೈ ಮುಷ್ಟಿ ಮಾಡ್ಕೊಂಡ ಮಲಗ್ತಾಳ” ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆ ಪುಸ್ತಕದ ಹಿಂಬದಿಯಲ್ಲಿ ಎಲ್ಲ ವಯಸ್ಸಿನವರಿಗೂ ರುಚಿಸುವ ಕಥೆಯೆಂದು ಅಚ್ಚಾಗಿದೆ. ಬೆನ್ನಿಗೆ ನಾವು ಅಂಟಿಸುವ ವರ್ಗೀಕರಣ ಸಂಖ್ಯೆಯು ಅದು ಯಾವ ಭಾಷೆಯ ಯಾವ ಪ್ರಕಾರದ ಕೃತಿ ಎಂಬುದನ್ನಷ್ಟೇ ಹೇಳುತ್ತದೆ. ನಮ್ಮಲ್ಲಿ ಇಂಥ ನಲವತ್ತು ಪುಸ್ತಕಗಳಿವೆ. ಅವುಗಳಲ್ಲಿ ನಾನು ಪೂರ್ತಿ ಓದಿರುವುದು ಹನ್ನೊಂದನ್ನು ಮಾತ್ರ ಎಂದು ಹೇಳಿಕೊಳ್ಳಲು ಬೇಸರವಾಗುತ್ತದೆ. ಪ್ರತಿಯೊಂದರ ಮೇಲೂ ಇಷ್ಟು ವರ್ಷದ ಮೇಲ್ಪಟ್ಟವರಿಗೆ ಎಂದು ಸಂಖ್ಯೆ ಹಾಕಿಬಿಡಬೇಕೆಂದು ಹೊರಟು, ಮೂರು ಪುಸ್ತಕಕ್ಕೆ ಹಾಕಿ, ನಾಲ್ಕನೆಯದಕ್ಕೆ ಕೈ ತಡೆಯಿತು. ಅನುಭವವಿರುವವರು ದಯವಿಟ್ಟು ತಿಳಿಸಬೇಕು.


ಪ್ರೌಢಶಾಲಾ ಶಿಕ್ಷಕ, ಸಿಂಧನೂರು

ಮೇಡಂ ಅವರೇ, ಕೈ ತಡೆಯುವ ಅಗತ್ಯವಿಲ್ಲ. ಸಂಖ್ಯೆ ಹಾಕಿರಿ. ಸಿನಿಮಾಕ್ಕೆ ಇರುವ ಕಟ್ಟುಪಾಡು ಪುಸ್ತಕಕ್ಕೇಕೆ ಇರಬಾರದು? 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಪಾಲಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರಗಳಿಗೆ ಮೊದಲು ಒಂದೇ ಆಗಿದ್ದ ಯು/ಎ ಪ್ರಮಾಣಪತ್ರವನ್ನು 7+, 13+, 16+ ಎಂದು ಮೂರಾಗಿ ವಿಂಗಡಿಸಲಾಯಿತು. ಅದಕ್ಕೂ ಮೊದಲೇ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಮೂಲಕ ಒಟಿಟಿ ವೇದಿಕೆಗಳಿಗೂ ಇದೇ ವಿಂಗಡಣೆ ಬಂದಿತ್ತು. ಹನ್ನೆರಡು ವರ್ಷದ ಮಗುವಿನ ಮುಂದೆ ಬೆರಳು ಕತ್ತರಿಸುವುದನ್ನು ತೆರೆಯ ಮೇಲೆ ತೋರಿಸಲು ಹಿಂಜರಿಯುವ ನಾವು, ಅದನ್ನೇ ಎರಡೂವರೆ ಪುಟ ಓದಿಸಿದರೆ ತಪ್ಪಿಲ್ಲವೆಂದು ತಿಳಿಯುವುದು ಸರಿಯಲ್ಲ.

ಇನ್ನೊಂದು ಮಾತು. ಆ ತಾಯಿಗೆ ಅಕ್ಷರ ಬಾರದೆಂದು ನೀವೇ ಬರೆದಿದ್ದೀರಿ. ಪುಸ್ತಕದೊಳಗೆ ಏನಿದೆ ಎಂದು ನೀವು ಉದ್ದಕ್ಕೆ ಬರೆದು ಅಂಟಿಸಿದರೂ ಅವರಿಗೆ ಅದರಿಂದ ಏನು ಉಪಯೋಗ? ಅಂಕಿಯನ್ನಾದರೆ ಗುರುತಿಸುತ್ತಾರೆ, ಬಸ್ಸಿನ ನಂಬರು, ಮೊಬೈಲಿನ ನಂಬರು ಓದುವವರಿಗೆ 13 ಎಂಬುದು ತಿಳಿಯದೆ ಇರುವುದಿಲ್ಲ. ವಿವರಣೆ ಓದು ಬಲ್ಲವರ ಅನುಕೂಲ, ಅಂಕಿ ಎಲ್ಲರ ಅನುಕೂಲ.


ಪ್ರಾಥಮಿಕ ಶಾಲಾ ಶಿಕ್ಷಕಿ, ಕುಷ್ಟಗಿ

ಮಾಸ್ತರರ ಕೊನೆಯ ಮಾತು ತೂಕವಾದದ್ದು, ಅದಕ್ಕೆ ನನ್ನ ಬಳಿ ತಕ್ಷಣದ ಉತ್ತರವಿಲ್ಲ. ಆದರೆ ಅಂಕಿ ನಮ್ಮ ಶಾಲೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ನನ್ನ ಏಳನೇ ತರಗತಿಯಲ್ಲಿ ಹದಿಮೂರು ದಾಟಿದ ಒಬ್ಬ ಹುಡುಗನಿದ್ದಾನೆ. ತಂದೆತಾಯಿ ಪ್ರತಿವರ್ಷ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಜೊತೆಗೆ ಇವನೂ ಹೋಗುತ್ತಾನೆ, ವರ್ಷಕ್ಕೆ ನಾಲ್ಕೈದು ತಿಂಗಳು ಶಾಲೆ ತಪ್ಪುತ್ತದೆ. ಒತ್ತಕ್ಷರ ಬಂದರೆ ಈಗಲೂ ತಡವರಿಸುತ್ತಾನೆ. ಮಾತನಾಡುವ ಆಮೆಯ ಕಥೆಯ ತೆಳ್ಳನೆಯ ಪುಸ್ತಕವೊಂದನ್ನು ಅವನು ಪ್ರೀತಿಯಿಂದ ಓದುತ್ತಿದ್ದ. ಅದರ ಮೇಲೆ 6–8 ವರ್ಷ ಎಂದು ಅಚ್ಚಾಗಿರುವುದನ್ನು ಪಕ್ಕದವನು ಗಟ್ಟಿಯಾಗಿ ಓದಿದ. ಅಂದಿನಿಂದ ಆ ಪುಸ್ತಕವನ್ನು ಅವನು ಮುಟ್ಟಿಲ್ಲ.

ಇಲ್ಲಿ ಎರಡು ಬೇರೆ ವಿಷಯಗಳು ಗಂಟುಬಿದ್ದಿವೆ. ಓದುವ ಶಕ್ತಿ ಒಂದು, ಓದಿದ್ದನ್ನು ತಾಳಿಕೊಳ್ಳುವ ಶಕ್ತಿ ಮತ್ತೊಂದು. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಕಥೆಗಳನ್ನು ಹಂತಗಳಾಗಿ ಜೋಡಿಸಿದ್ದಾರೆ. ಮೊದಲ ಹಂತದಲ್ಲಿ ಕೆಲವೇ ಪದ, ಪುನರಾವರ್ತನೆಯಾಗುವ ವಾಕ್ಯ, ಮೇಲಿನ ಹಂತದಲ್ಲಿ ಉದ್ದನೆಯ ಕಥನ. ಅಲ್ಲಿ ವಯಸ್ಸಿನ ಮಾತಿಲ್ಲ, ಓದಿನ ಮಾತಿದೆ. ಅದು ಮೊದಲನೆಯ ಪ್ರಶ್ನೆಗೆ ಒಳ್ಳೆಯ ಉತ್ತರ. ಆದರೆ ಬೆರಳು ಕತ್ತರಿಸುವ ದೃಶ್ಯವನ್ನು ಬಹಳ ಸರಳವಾದ ಪದಗಳಲ್ಲೂ ಬರೆಯಬಹುದು ಎಂಬುದು ಎರಡನೆಯ ಪ್ರಶ್ನೆ. ಒಂದೇ ಅಂಕಿಗೆ ಈ ಎರಡನ್ನೂ ಹೊರಿಸಿದರೆ ಅದು ಎರಡನ್ನೂ ಸರಿಯಾಗಿ ಹೇಳುವುದಿಲ್ಲ.


ಪುಸ್ತಕ ವ್ಯಾಪಾರಿ, ರಾಯಚೂರು

ನನ್ನ ಅಂಗಡಿಗೆ ಬರುವ ಪಾಲಕರು ಕೇಳುವುದು ಒಂದೇ ಪ್ರಶ್ನೆ: “ಎಷ್ಟನೇ ಕ್ಲಾಸಿನವರಿಗೆ ಇದು?” ಹೀಗೆ ಕೇಳುವವರಿಗೆ ಅಂಕಿ ಇದ್ದರೆ ವ್ಯಾಪಾರ ಸುಲಭ ಎಂಬುದನ್ನು ಒಪ್ಪುತ್ತೇನೆ. ಬ್ರಿಟನ್ನಿನ ಪ್ರಕಾಶಕರು 2008ರಲ್ಲಿ ಮಕ್ಕಳ ಪುಸ್ತಕಗಳ ಮೇಲೆ 5+, 7+, 9+, 11+ ಎಂಬಂತೆ ಅಚ್ಚು ಹಾಕಲು ಮುಂದಾದದ್ದು ಇದೇ ಕಾರಣಕ್ಕೆ. ಅಲ್ಲಿನ ಲೇಖಕರೇ ಅದನ್ನು ವಿರೋಧಿಸಿದರು. ಫ್ಯಾಂಟಸಿ ಬರೆಯುವ ಫಿಲಿಪ್ ಪುಲ್‌ಮನ್ ಆ ವಿರೋಧದ ಮುಂಚೂಣಿಯಲ್ಲಿದ್ದರು. ಚಿಕ್ಕವರ ಅಂಕಿಯಿರುವ ಪುಸ್ತಕ ಹಿಡಿಯಲು ದೊಡ್ಡ ಮಗು ನಾಚುತ್ತದೆ ಎಂಬುದು ಅವರು ಮುಂದಿಟ್ಟ ಕಾರಣಗಳಲ್ಲಿ ಒಂದು. ಕುಷ್ಟಗಿಯ ಅಕ್ಕನವರು ಬರೆದದ್ದು ಅದನ್ನೇ.

ಫ್ಯಾಂಟಸಿಗೆ ಇನ್ನೊಂದು ತೊಡಕಿದೆ, ಅದನ್ನು ನಾನು ಅಂಗಡಿಯಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ ಕಾಣುತ್ತೇನೆ. ಈ ಕಥೆಗಳು ಸಾಮಾನ್ಯವಾಗಿ ಸರಣಿಯಾಗಿ ಬರುತ್ತವೆ, ನಾಯಕನ ಜೊತೆಗೆ ಕಥೆಯೂ ಬೆಳೆಯುತ್ತದೆ. ಹ್ಯಾರಿ ಪಾಟರ್ ಸರಣಿಯ ಏಳು ಸಂಪುಟಗಳು 1997ರಿಂದ 2007ರವರೆಗೆ ಹತ್ತು ವರ್ಷಗಳಲ್ಲಿ ಪ್ರಕಟವಾದವು. ಹತ್ತನೆಯ ವಯಸ್ಸಿನಲ್ಲಿ ಮೊದಲ ಸಂಪುಟ ಓದಿದ ಮಗು ಕೊನೆಯ ಸಂಪುಟ ಬರುವ ಹೊತ್ತಿಗೆ ಇಪ್ಪತ್ತರ ಯುವಕನಾಗಿದ್ದ. ನಡುವಿನ ಸಂಪುಟಗಳಿಂದಲೇ ಸಾವುಗಳು ಹೆಚ್ಚುತ್ತವೆ, ಕಥೆ ಕತ್ತಲಾಗುತ್ತದೆ. ಅದನ್ನು ತಾಳುವಷ್ಟು ಓದುಗನೂ ಬೆಳೆದಿದ್ದ. ಈಗ ಏಳೂ ಸಂಪುಟಗಳು ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಹತ್ತು ವರ್ಷದ ಮಗು ಏಪ್ರಿಲ್‌ನಲ್ಲಿ ಶುರುಮಾಡಿ ಮೇ ತಿಂಗಳ ಕೊನೆಗೆ ಏಳನೆಯದನ್ನೂ ಮುಗಿಸುತ್ತದೆ. ಪೆಟ್ಟಿಗೆಯ ಮೇಲೆ ಯಾವ ಅಂಕಿ ಬರೆಯಬೇಕು? ಸರಣಿಗೆ ಒಂದು ಅಂಕಿ ಸಾಲದು. ಸಂಪುಟ ಸಂಪುಟಕ್ಕೂ ಬೇರೆ ಮಾತು ಬೇಕು.


ಓದುಗ ತಾಯಿ, ಗಂಗಾವತಿ

ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಈ ವಿಷಯದಲ್ಲಿ ತಿಳಿದವಳಲ್ಲ. ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ನನ್ನ ಮಗನಿಗೆ ಒಂಬತ್ತು ವರ್ಷ. ಅವನ ತಂದೆ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಹುಟ್ಟುಹಬ್ಬಕ್ಕೆಂದು ಅವನ ಸೋದರಮಾವ ಒಂದು ಪುಸ್ತಕ ಕಳಿಸಿದ್ದ. ಮುಖಪುಟದ ಮೇಲೆ ನಗುವ ನರಿಯ ಚಿತ್ರ, ಮೂಲೆಯಲ್ಲಿ 7+ ಎಂಬ ಗುರುತು. ಅದರಲ್ಲಿ ರಕ್ತವಿಲ್ಲ, ಕ್ರೌರ್ಯವಿಲ್ಲ, ಬಿರುಸಾದ ಒಂದು ಮಾತೂ ಇಲ್ಲ. ಆ ಅಂಕಿ ತಪ್ಪೆಂದು ಯಾರೂ ಹೇಳಲಾರರು. ಕಥೆ ಮಾತ್ರ ಹೀಗಿದೆ: ಹುಡುಗನೊಬ್ಬನ ತಂದೆ ಹೊಳೆ ದಾಟಲು ಹೋಗಿ ಮರಳುವುದಿಲ್ಲ. ಕಾಡಿನಲ್ಲಿರುವ ಮುದುಕಿಯೊಬ್ಬಳು, ನಿನಗೆ ಬಹಳ ಪ್ರಿಯವಾದುದನ್ನು ಕೊಟ್ಟರೆ ನಿನ್ನ ತಂದೆಯನ್ನು ಕರೆತರುತ್ತೇನೆ ಎನ್ನುತ್ತಾಳೆ.

ಮಗ ಅರ್ಧ ಓದಿ ಮಲಗಿದ ರಾತ್ರಿ ನಾನು ಹಾಸಿಗೆ ಸರಿಪಡಿಸುವಾಗ ದಿಂಬಿನ ಕೆಳಗೆ ಕಂಪಾಸ್ ಬಾಕ್ಸು, ಜಾತ್ರೆಯಲ್ಲಿ ಕೊಂಡ ಕಿನ್ನಾಳದ ಸಣ್ಣ ಆನೆ, ಇನ್ನೂ ಹಾಕಿಕೊಳ್ಳದ ಹೊಸ ಚಪ್ಪಲಿ ಸಿಕ್ಕವು. ಎಚ್ಚರವೇ ಇದ್ದ. “ಇದರಾಗ ಯಾವ್ದು ಕೊಟ್ರ ಅಪ್ಪ ಬರ್ತಾನವ್ವಾ?” ಎಂದು ಕೇಳಿದ.

ಆ ರಾತ್ರಿಯೇ ಅವನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಉಳಿದ ಅರ್ಧವನ್ನು ನಾನು ಗಟ್ಟಿಯಾಗಿ ಓದಿದೆ. ತಂದೆ ನೆರಳಾಗಿ ಬರುತ್ತಾನೆ, ಮಾತನಾಡಲಾರ, ಉಣ್ಣಲಾರ. ಕೊನೆಗೆ ಹುಡುಗನೇ ಅವನ ಕೈಬಿಟ್ಟು ಹೊಳೆಯ ಕಡೆಗೆ ಕಳಿಸಿಕೊಡುತ್ತಾನೆ. ಇಬ್ಬರೂ ಅತ್ತೆವು. ಈಗ ಯೋಚಿಸಿದರೆ ಆ ಪುಸ್ತಕ ಅವನಿಗೆ ಒಳ್ಳೆಯದನ್ನೇ ಮಾಡಿತು. ಒಳಗೆ ಏನಿದೆ ಎಂದು ಮೊದಲೇ ಗೊತ್ತಿದ್ದರೆ ನಾನು ಅದನ್ನು ಬಚ್ಚಿಡುತ್ತಿರಲಿಲ್ಲ, ಮೊದಲ ಪುಟದಿಂದಲೇ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಆ ಒಂದು ದಿನ ಅವನು ಒಬ್ಬನೇ ಇದ್ದುದು ನನಗೆ ನೋವು. ಏಳಲ್ಲ, ಹದಿಮೂರು ಎಂದು ಬರೆದಿದ್ದರೂ ಈ ವಿಷಯ ನನಗೆ ತಿಳಿಯುತ್ತಿರಲಿಲ್ಲ.


ಪಿಯುಸಿ ವಿದ್ಯಾರ್ಥಿನಿ, ಸಿರುಗುಪ್ಪ

ಅಕ್ಕನವರು ಬರೆದದ್ದನ್ನು ಓದಿದ ಮೇಲೆ ಬರೆಯಲು ಸಂಕೋಚವಾಗುತ್ತಿದೆ, ಆದರೂ ಈ ಮಾತು ಇಲ್ಲಿ ಬರಲೇಬೇಕು. ಈಗ ಫ್ಯಾಂಟಸಿಯ ಹೆಸರಿನಲ್ಲಿ ಮಾರಾಟವಾಗುವ ಪುಸ್ತಕಗಳಲ್ಲಿ ಒಂದು ದೊಡ್ಡ ಪಾಲು ಪ್ರಣಯದ್ದು. ರೊಮ್ಯಾಂಟಸಿ ಎಂದೇ ಕರೆಯುತ್ತಾರೆ. ಹೂಬಳ್ಳಿ, ಕಿರೀಟ, ಚಿಟ್ಟೆ ಇರುವ ಮುಖಪುಟ. ಒಳಗೆ ದೊಡ್ಡವರಿಗಾಗಿಯೇ ಬರೆದ ದೇಹಸಂಬಂಧದ ವಿವರವಾದ ಅಧ್ಯಾಯಗಳು. ನನ್ನ ಹನ್ನೆರಡು ವರ್ಷದ ತಂಗಿ ಚಿಟ್ಟೆ ನೋಡಿ ನನ್ನ ಪುಸ್ತಕವನ್ನು ಕೈಗೆತ್ತಿಕೊಂಡಿದ್ದಳು.

ಇಂಥವಕ್ಕೆ ಮಾತ್ರ ಅಂಕಿ ಬೇಕು ಎಂಬುದು ನನ್ನ ಅಭಿಪ್ರಾಯ. ಉಳಿದವಕ್ಕೆ ಎಚ್ಚರಿಕೆಯ ಮಾತು ಸಾಕು. ಸ್ಟೋರಿಗ್ರಾಫ್ ಎಂಬ ಜಾಲತಾಣದಲ್ಲಿ ಓದಿದವರೇ ಪುಸ್ತಕದೊಳಗಿನ ನೋವಿನ ವಿಷಯಗಳನ್ನು ಗುರುತಿಸಿ, ಅದು ಢಾಳಾಗಿದೆಯೋ, ಮಧ್ಯಮವಾಗಿದೆಯೋ, ಬರೀ ಸುಳಿದು ಹೋಗುತ್ತದೆಯೋ ಎಂದು ಮೂರು ಬಗೆಯಾಗಿ ಬರೆಯುತ್ತಾರೆ. ನಾನು ಅದನ್ನು ನೋಡಿಯೇ ಪುಸ್ತಕ ಆರಿಸುತ್ತೇನೆ. ಕನ್ನಡದ ಪುಸ್ತಕಗಳಿಗೆ ಹಾಗೆ ಬರೆದಿರುವವರು ಬಹಳ ಕಡಿಮೆ.


ಬಯಲಾಟದ ಮನೆತನದವನು, ಕುರುಗೋಡು

ನಮ್ಮ ತಂದೆಯವರು ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದರು. ಭುಜಕೀರ್ತಿ, ಕಿರೀಟ ಕಟ್ಟಿ, ಮುಖಕ್ಕೆ ಬಣ್ಣ ಬಳಿದು ಪರದೆಯ ಹಿಂದಿನಿಂದ ಅಬ್ಬರಿಸಿದರೆ ನಾನು, ಅವರ ಮಗನೇ, ಅವ್ವನ ಮಡಿಲಿಗೆ ಬೀಳುತ್ತಿದ್ದೆ. ಊರಿನ ಕೂಸುಗಳೆಲ್ಲ ಬೆಳಗಿನವರೆಗೆ ಕುಳಿತು ಕೊಲೆ, ಯುದ್ಧ, ಶಾಪ ಎಲ್ಲವನ್ನೂ ನೋಡುತ್ತಿದ್ದವು. ವಯಸ್ಸಿನ ಚೀಟಿಯಿಲ್ಲದೆ ಬೆಳೆದವರು ನಾವು ಎಂದು ಬರೆಯಲು ಹೊರಟಿದ್ದೆ. ಗಂಗಾವತಿಯ ತಂಗಿಯ ಮಾತು ಓದಿ ನಿಂತೆ.

ನಾವು ಚೀಟಿಯಿಲ್ಲದೆ ಬೆಳೆಯಲಿಲ್ಲ, ನಮಗೆ ಸಾರಥಿ ಇದ್ದ. ದೊಡ್ಡಾಟದಲ್ಲಿ ಯಾವ ಪಾತ್ರ ರಂಗಕ್ಕೆ ಬಂದರೂ ಸಾರಥಿ ಎದುರು ನಿಂತು, ತಾವು ಯಾರು, ಯಾವ ಊರು, ಯಾತಕ್ಕಾಗಿ ಬಂದಿರಿ ಎಂದು ಕೇಳುತ್ತಾನೆ. ರಾಕ್ಷಸನು ತನ್ನ ಹೆಸರು, ತನ್ನ ಪರಾಕ್ರಮ, ತಾನು ಮಾಡಲಿರುವ ಕೇಡು ಎಲ್ಲವನ್ನೂ ತನ್ನ ಬಾಯಿಂದಲೇ ಹೇಳಿದ ಮೇಲೆ ಆಟ ಮುಂದಕ್ಕೆ ಹೋಗುತ್ತದೆ. ಮುಂದೇನು ಬರಲಿದೆ ಎಂದು ಮಡಿಲಲ್ಲಿರುವ ಕೂಸಿಗೂ ತಿಳಿದಿರುತ್ತದೆ, ಹಾಗೆಂದು ಆಟದ ರುಚಿ ಕೆಡುವುದಿಲ್ಲ. ಒಳಗಿನ ವಿಷಯ ಮೊದಲೇ ಹೇಳಿದರೆ ಕಥೆಯ ಕುತೂಹಲ ಹೋಗುತ್ತದೆ ಎಂದು ಯಾರಾದರೂ ಇಲ್ಲಿ ಹೇಳುವುದಾದರೆ, ನನ್ನ ಉತ್ತರ ಇದು. ಪುಸ್ತಕ ಓದುವ ಮಗುವಿಗೆ ಇಲ್ಲದಿರುವುದು ಆ ಸಾರಥಿ ಮತ್ತು ಆ ಮಡಿಲು.


ನಿವೃತ್ತ ಕನ್ನಡ ಉಪನ್ಯಾಸಕ, ಬಳ್ಳಾರಿ

ಸಾರಥಿಯ ಹೋಲಿಕೆ ಬಹಳ ಯುಕ್ತವಾಗಿದೆ. ಅದಕ್ಕೆ ಒಂದು ವಿಷಯವನ್ನು ಸೇರಿಸುತ್ತೇನೆ. ಗ್ರಿಮ್ ಸಹೋದರರು ಜರ್ಮನಿಯ ಜನಪದ ಕಥೆಗಳ ಮೊದಲ ಸಂಪುಟವನ್ನು 1812ರಲ್ಲಿ ಪ್ರಕಟಿಸಿದಾಗ ಅದು ಮಕ್ಕಳಿಗೆ ತಕ್ಕುದಲ್ಲವೆಂಬ ಆಕ್ಷೇಪ ಬಂತು. 1857ರ ಏಳನೆಯ ಆವೃತ್ತಿಯವರೆಗೂ ಅವರು ತಿದ್ದುತ್ತಲೇ ಹೋದರು. ಬಸಿರಿನ ಸೂಚನೆಯಿದ್ದ ಮಾತುಗಳನ್ನು ತೆಗೆದರು. ಮಕ್ಕಳನ್ನು ಕಾಡಿಗೆ ಅಟ್ಟುವ ತಾಯಿಯನ್ನು ಮಲತಾಯಿಯಾಗಿ ಬದಲಿಸಿದರು. ಕ್ರೂರವಾದ ಶಿಕ್ಷೆಗಳನ್ನು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡರು.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ತಾಯಿಯ ಬದಲಾವಣೆ. ಹತ್ತು ತಲೆಯ ರಾಕ್ಷಸನಿಗೆ ಮಗು ಹೆದರುವುದು ಆಟದ ಹೆದರಿಕೆ. ಅವನು ದೂರದ ಲಂಕೆಯವನು. ಸ್ವಂತ ತಾಯಿಯ ಮುಖ ಬೇರೆಯಾಗುವುದು, ಮನೆಯ ಬಾವಿಯಿಂದ ಕೈ ಬರುವುದು, ತನ್ನ ಹಾಸಿಗೆಯ ಕೆಳಗೆ ಉಸಿರು ಕೇಳುವುದು, ಇವು ಮಗುವಿನ ಜೊತೆಗೆ ಮನೆಗೆ ಬರುವ ಹೆದರಿಕೆಗಳು. ಫ್ಯಾಂಟಸಿ ಪುಸ್ತಕದ ಬಗ್ಗೆ ಟಿಪ್ಪಣಿ ಬರೆಯುವವರು ಎಷ್ಟು ಜನ ಸತ್ತರು ಎಂದು ಎಣಿಸುವುದಕ್ಕಿಂತ, ಭಯ ಎಲ್ಲಿ ನೆಲೆಸಿದೆ ಎಂಬುದನ್ನು ನೋಡಬೇಕು.


ಪಾಲಕ, ಯಲಬುರ್ಗಾ

ಸರ್, ಪುಸ್ತಕದ ಮೇಲೆ ವಯಸ್ಸು ನಮೂದಿಸಬೇಕೆಂಬ ಕಾನೂನು ನಮ್ಮಲ್ಲಿ ಇದೆಯೇ? ಇದ್ದರೆ ಮೇಡಂ ಅವರ ಕೆಲಸ ಸುಲಭವಾಗುತ್ತದೆ.


ವಕೀಲ, ಕೊಪ್ಪಳ

ಸಿನಿಮಾಕ್ಕೆ ಇರುವಂತೆ ಪುಸ್ತಕಕ್ಕೆ ಪ್ರಕಟಣೆಗೆ ಮೊದಲೇ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಭಾರತದಲ್ಲಿ ಇಲ್ಲ. ರಷ್ಯಾದಲ್ಲಿ 2012ರ ಸೆಪ್ಟೆಂಬರ್ 1ರಿಂದ ಪುಸ್ತಕಗಳ ಮೇಲೂ 0+, 6+, 12+, 16+, 18+ ಗುರುತು ಹಾಕುವ ಕಾನೂನಿದೆ. ನಮ್ಮಲ್ಲಿ ಇರುವುದು 1956ರ ಯುವಜನರ (ಹಾನಿಕಾರಕ ಪ್ರಕಟಣೆಗಳ) ಕಾಯ್ದೆ. ಅಪರಾಧ, ಹಿಂಸೆ, ಕ್ರೌರ್ಯ ಅಥವಾ ಬೀಭತ್ಸ ಘಟನೆಗಳ ಕಥೆಗಳಿಂದಲೇ ತುಂಬಿ, ಒಟ್ಟಾರೆಯಾಗಿ ಓದಿದಾಗ ಯುವಜನರನ್ನು ಕೆಡಿಸುವ ಸ್ವಭಾವದ ಪ್ರಕಟಣೆಯನ್ನು ಮಾರುವುದು, ಬಾಡಿಗೆಗೆ ಕೊಡುವುದು, ಹಂಚುವುದು ಅದರ ಪ್ರಕಾರ ಅಪರಾಧ. ಇದಲ್ಲದೆ ಅಶ್ಲೀಲ ವಸ್ತುವನ್ನು ಮಕ್ಕಳಿಗೆ ಮಾರುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 295ನೆಯ ಕಲಮಿನಡಿ ಶಿಕ್ಷಾರ್ಹ.

ಒಟ್ಟಾರೆಯಾಗಿ ಎಂಬ ಪದವನ್ನು ಗಮನಿಸಬೇಕು. ನಾನೂರು ಪುಟದ ಕಾದಂಬರಿಯ ಎರಡೂವರೆ ಪುಟವನ್ನು ಕಿತ್ತು ತೋರಿಸಿ ಅದನ್ನು ಹಾನಿಕಾರಕವೆನ್ನಲು ಈ ಕಾಯ್ದೆ ಅವಕಾಶ ಕೊಡುವುದಿಲ್ಲ. ಆದರೆ ಆ ಹುಡುಗಿಗೆ ತಾಗಿದ್ದು ಆ ಎರಡೂವರೆ ಪುಟವೇ. ಕಾನೂನು ನೋಡುವ ಬಗೆ ಬೇರೆ, ಮಗುವಿಗೆ ಪುಸ್ತಕ ಕೊಡುವವರು ನೋಡಬೇಕಾದ ಬಗೆ ಬೇರೆ. ಈ ಕೆಲಸವನ್ನು ಮೇಲ್ವಿಚಾರಕಿಯವರೇ ಮಾಡಬೇಕು.


ಪ್ರೌಢಶಾಲಾ ಶಿಕ್ಷಕ, ಸಿಂಧನೂರು

ಗಂಗಾವತಿಯ ತಾಯಿಯ ಮಾತಿಗೆ ನನ್ನ ಅಂಕಿಯಲ್ಲಿ ಉತ್ತರವಿಲ್ಲ ಎಂದು ಒಪ್ಪುತ್ತೇನೆ. ಆದರೂ ನನ್ನ ಮೊದಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಓದು ಬಾರದ ತಂದೆತಾಯಿಗೆ ಈ ಟಿಪ್ಪಣಿ ಹೇಗೆ ತಲುಪುತ್ತದೆ?


ಗ್ರಂಥಾಲಯ ಮೇಲ್ವಿಚಾರಕಿ, ಕನಕಗಿರಿ ತಾಲ್ಲೂಕು

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ಮೂರು ಪುಸ್ತಕಗಳ ಮೇಲೆ ಹಾಕಿದ್ದ ಅಂಕಿಯ ಚೀಟಿಯನ್ನು ನೀರು ಹಚ್ಚಿ ಕಿತ್ತಿದ್ದೇನೆ. ಸಿರುಗುಪ್ಪದ ತಂಗಿ ಹೇಳಿದ ಬಗೆಯ ನಾಲ್ಕು ಪುಸ್ತಕಗಳು ನಮ್ಮಲ್ಲೂ ಸಿಕ್ಕವು. ಅವುಗಳನ್ನು ದೊಡ್ಡವರ ಕಪಾಟಿಗೆ ಸೇರಿಸಿ 18+ ಎಂದು ಬರೆದೆ, ಅಲ್ಲಿ ಅಂಕಿಯೇ ಸರಿ. ಉಳಿದವಕ್ಕೆ, ಹಿಂದಿರುಗಿಸುವ ದಿನಾಂಕ ಬರೆಯುವ ಚೀಟಿಯ ಎದುರಿಗೆ, ಒಳರಟ್ಟಿನ ಮೇಲೆ ನಾಲ್ಕೈದು ಸಾಲಿನ ಟಿಪ್ಪಣಿ ಅಂಟಿಸುತ್ತೇನೆ. ಯಾರ ಸಾವು ಬರುತ್ತದೆ, ನೋವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದೆಯೋ ಮರೆಯಲ್ಲಿ ಇರಿಸಿದೆಯೋ, ಭಯ ದೂರದ ಲೋಕದಲ್ಲಿ ಇದೆಯೋ ಮನೆಯೊಳಗೆ ಇದೆಯೋ, ಕಥೆ ಈ ಸಂಪುಟದಲ್ಲೇ ದಡ ಸೇರುತ್ತದೆಯೋ ಇಲ್ಲವೋ ಎಂಬ ವಿಷಯಗಳು ಅದರಲ್ಲಿರುತ್ತವೆ. ಪುಟ ಸಂಖ್ಯೆಯನ್ನೂ ಬರೆಯುತ್ತೇನೆ, ಬೇಕಾದವರು ದಾಟಿಕೊಂಡು ಹೋಗಲಿ. ಹೊರಗಿನ ರಟ್ಟಿನ ಮೇಲೆ ಏನನ್ನೂ ಬರೆಯುವುದಿಲ್ಲ. ಕುಷ್ಟಗಿಯ ಹುಡುಗ ಯಾರಿಗೂ ನಾಚಬೇಕಾಗಿಲ್ಲ.

ಮಾಸ್ತರರೇ, ನಿಮ್ಮ ಪ್ರಶ್ನೆಯೇ ನನ್ನನ್ನು ಬಹಳ ಹೊತ್ತು ಕಾಡಿದ್ದು. ಇಪ್ಪತ್ತು ನಿಮಿಷದ ಕೆಲಸ ಒಂದು ಹೊಳೆದಿದೆ. ಮಗು ಪುಸ್ತಕ ಒಯ್ಯುವಾಗ ಟಿಪ್ಪಣಿಯನ್ನು ನನ್ನೆದುರು ಗಟ್ಟಿಯಾಗಿ ಓದಬೇಕು. ಅದನ್ನು ಅದರದೇ ದನಿಯಲ್ಲಿ ಮುದ್ರಿಸಿ, ಮನೆಯವರ ವಾಟ್ಸ್‌ಆ್ಯಪ್‌ಗೆ ಧ್ವನಿ ಸಂದೇಶವಾಗಿ ಕಳಿಸುತ್ತೇನೆ. ಕಳೆದ ವಾರ ಒಂಬತ್ತು ಮನೆಗಳಿಗೆ ಕಳಿಸಿದೆ. ಇಬ್ಬರು ತಾಯಂದಿರು ಮರಳಿ ಫೋನ್ ಮಾಡಿ, ಆ ಪುಸ್ತಕ ಬೇಡ ಬೇರೆಯದನ್ನು ಕೊಡಿ ಎಂದರು. ಒಬ್ಬ ತಂದೆ, ಹೊಲದ ಕೆಲಸ ಮುಗಿಸಿ ಬಂದ ಮೇಲೆ ತಾನೇ ಜೊತೆಗೆ ಕುಳಿತು ಕೇಳುತ್ತೇನೆ ಎಂದರು. ಮೊಬೈಲ್ ಇಲ್ಲದ ಮನೆಗಳು ಮೂರಿವೆ. ಅವರಿಗೆ ಹಾಲಿನ ಡೇರಿಯ ಹತ್ತಿರ ಸಿಕ್ಕಾಗ ಬಾಯಲ್ಲೇ ಹೇಳುತ್ತೇನೆ.

ಮೊದಲ ಟಿಪ್ಪಣಿಯನ್ನು ಆ ಬೆರಳಿನ ಪುಸ್ತಕಕ್ಕೇ ಬರೆದೆ. “ಇದು ದೂರದ ಒಂದು ರಾಜ್ಯದ ಕಥೆ. 142ನೇ ಪುಟದಿಂದ 144ರವರೆಗೆ ಸೆರೆಯಾಳಿಗೆ ಕೊಡುವ ಚಿತ್ರಹಿಂಸೆಯನ್ನು ವಿವರವಾಗಿ ಬರೆದಿದೆ. ಅದನ್ನು ಬಿಟ್ಟು ಓದಿದರೂ ಕಥೆ ತಿಳಿಯುತ್ತದೆ. ನಾಯಕಿಯ ಅಜ್ಜ ಸಾಯುತ್ತಾನೆ. ಸೆರೆಯಾಳು ಬದುಕುತ್ತಾನೆ. ಕಥೆ ಈ ಸಂಪುಟದಲ್ಲೇ ಮುಗಿಯುತ್ತದೆ.”

ಮೊನ್ನೆ ಆ ಹುಡುಗಿ ಬಂದಿದ್ದಳು. ಮೇಜಿನ ಮೇಲಿದ್ದ ಪುಸ್ತಕವನ್ನು ಮುಟ್ಟದೆ, ತೆರೆದಿದ್ದ ರಟ್ಟಿನ ಮೇಲಿನ ಟಿಪ್ಪಣಿಯನ್ನು ಬಗ್ಗಿ ಓದಿದಳು. ನಾಲ್ಕನೆಯ ಸಾಲಿಗೆ ಬಂದಾಗ ತಲೆ ಎತ್ತಿ, “ಖರೇನ ಬದುಕ್ತಾನೇನ್ರಿ ಮೇಡಂ? ಯಾವ ಪುಟದಾಗ ಐತಿ?” ಎಂದು ಕೇಳಿದಳು. 311 ಎಂದೆ. ಅಲ್ಲೇ ನಿಂತು ಆ ಪುಟವನ್ನು ಹುಡುಕಿ ಓದಿದಳು, ಮತ್ತೊಮ್ಮೆ ಓದಿದಳು. ಎರವಲು ರಿಜಿಸ್ಟರಿನಲ್ಲಿ ಪುಸ್ತಕವನ್ನು ಮತ್ತೆ ಅವಳ ಹೆಸರಿಗೆ ಬರೆದುಕೊಂಡಿದ್ದೇನೆ. ನಾನು ಓದಬೇಕಾದ ಪುಸ್ತಕಗಳು ಇನ್ನೂ ಇಪ್ಪತ್ತೊಂದು ಇವೆ. ಟಿಪ್ಪಣಿ ಬರೆದುಕೊಡಲು ಸಿರುಗುಪ್ಪದ ತಂಗಿ ಮತ್ತು ಗಂಗಾವತಿಯ ಅಕ್ಕನವರು ಒಪ್ಪಿದರೆ ಐದೈದು ಪುಸ್ತಕಗಳನ್ನು ಬಸ್ಸಿನಲ್ಲಿ ಕಳಿಸುತ್ತೇನೆ.